ಕೇಬಲ್ಲಿಗೆ ಎರಡು ತೊಗಲು



ಮೇ ಮುಗಿಯಾಕ ಬಂತಂದ್ರ ನಮ್ಮ ಹೊಳಿ ದಂಡಿ ಮ್ಯಾಲ ಕಬ್ಬಿನ ಮಾತಿಗಿಂತ ಮೋಟಾರ ಎತ್ತೂ ಮಾತೇ ಹೆಚ್ಚು. ಹಗ್ಗ ಯಾರ ಕಡೆ ಐತಿ, ಟ್ರ್ಯಾಕ್ಟರ್ ಯಾವಾಗ ಸಿಗತೈತಿ, ಮಿಸ್ತ್ರಿ ಫೋನ್ ಎತ್ತಿದ್ನೋ ಇಲ್ಲೋ, ಇಷ್ಟ. ಈ ಗದ್ದಲದಾಗ ಯಾರೂ ಲಕ್ಷ್ಯ ಕೊಡಲಾರದ ಒಂದು ಸಣ್ಣ ಕೆಲಸ ಐತಿ. ಕೇಬಲ್ಲಿನ ಮ್ಯಾಲಿನ ಬಿರುಸು ಕವರ್ ಸುಲಿಯೂದು. ಎರಡ ನಿಮಿಷದ ಕೆಲಸ, ಇದರ ಬಗ್ಗೆ ಬರಿಯೂದು ಏನೈತಿ ಅಂತ ನೀವು ಅನಬಹುದು. ಆದರ ಮೋಟಾರ ಸುಡೂದು, ಸ್ಟಾರ್ಟರ್ ಮ್ಯಾಲಿಂದ ಮ್ಯಾಲ ಟ್ರಿಪ್ ಆಗೂದು, ಹಸಿ ನೆಲದಾಗ ಕರೆಂಟ್ ಬರೂದು, ಇವುಗಳ ಬೇರು ಹುಡುಕಿಕೊಂತ ಹೋದ್ರ ಭಾಳ ಸಲ ಈ ಎರಡ ನಿಮಿಷಕ್ಕೇ ಹೋಗಿ ಮುಟ್ಟತೈತಿ. ಅದಕ್ಕ ಇವತ್ತು ಇದನ್ನೇ ಬರಿಯಾಕತ್ತೀನಿ. ಸ್ವಲ್ಪ ಉದ್ದ ಆಗತೈತಿ, ಪುರಸೊತ್ತಿದ್ದಾಗ ಓದ್ರಿ.

ನಮ್ಮ ಭಾಗದಾಗ ಕೇಬಲ್ ಕೊಯ್ಯೂದು ಬ್ಯಾರೆ ಕಡೆಗಿಂತ ಜಾಸ್ತಿ. ಕಾರಣ ಹೊಳಿ. ಸಹ್ಯಾದ್ರಿಯಾಗ ಮಳಿ ಹಿಡಿದು ಕೊಯ್ನಾದ ಗೇಟ್ ತೆಗೆದ್ರು ಅಂದ್ರ ಕೃಷ್ಣಾ ಏರತಾಳ, ಆ ಕಡೆ ದೂಧಗಂಗಾ, ವೇದಗಂಗಾ ತುಂಬತಾವ. ಕಲ್ಲೋಳ-ಯಡೂರ, ಮಲಿಕವಾಡ-ದತ್ತವಾಡ, ಕಾರದಗಾ-ಭೋಜ, ಈ ತಗ್ಗಿನ ಸೇತುವೆಗಳು ಮುಳುಗೂದು ನಮಗ ಹೊಸ ಸುದ್ದಿ ಅಲ್ಲ. 2019ರ ಆಗಸ್ಟ್ ಮತ್ತು 2021ರ ಜುಲೈ ಮಹಾಪೂರದಾಗಂತೂ ಮೋಟಾರ ಎತ್ತಾಕ ಟೈಮ್ ಸಿಗಲಾರದವರು ಎಷ್ಟೋ ಮಂದಿ. ಹಿಂಗಾಗಿ ಮಳಿಗಾಲಕ್ಕ ಮೊದಲ ಕೇಬಲ್ ಕೊಯ್ದು ಮೋಟಾರ ಮ್ಯಾಲ ತರೂದು, ಹೊಳಿ ಇಳಿದ ಮ್ಯಾಲ ಮತ್ತ ಬಿಟ್ಟು ಜೋಡಸೂದು, ಬ್ಯಾಸಿಗಿಯಾಗ ನೀರು ನಡುಹೊಳಿಗೆ ಸರಿದ್ರ ಇನ್ನೊಂದು ತುಂಡ ಕೇಬಲ್ ಸೇರಸೂದು. ಅಥಣಿ ಪೂರ್ವ ಭಾಗದ ತೆಲಸಂಗ, ಐಗಳಿ ಕಡೆಯವರಿಗೆ ಹೊಳಿ ಕಾಟ ಇಲ್ಲ. ಆದರ ಅವರ ಬೋರು ಆಳ, ಕೇಬಲ್ ಉದ್ದ. ಮೋಟಾರ ಎತ್ತಿದಾಗೊಮ್ಮೆ ಅವರದೂ ಇದೇ ಪಾಡು. ಪ್ರತಿ ಸಲ ಜೋಡಸೂವಾಗ ಕವರ್ ಸುಲಿಬೇಕು. ಸುಲಿದಷ್ಟ ಸಲ ತಪ್ಪಾಗೂ ಸಂಭವ.

ಮೊದಲ ಕೇಬಲ್ ಒಳಗ ಏನೈತಿ ನೋಡೂಣು. ನಾವು ಮೋಟಾರಿಗೆ ಹಾಕೂ ಚಪ್ಪಟಿ ಕೇಬಲ್ಲಿಗೆ ಎರಡು ತೊಗಲು. ಹೊರಗಿನದು ದಪ್ಪ, ಬಿರುಸು, ಅದಕ್ಕ ಜಾಕೆಟ್ ಅಂತಾರ. ಕಲ್ಲಿಗೆ ತಿಕ್ಕೂದು, ಎಳೆದಾಡೂದು, ಬಿಸಲು, ನೀರು ಇವನ್ನೆಲ್ಲಾ ತಡಿಯೂದು ಅದರ ಕೆಲಸ. ಅದರೊಳಗ ಮೂರು ವಾಯರ್ ಸಾಲಾಗಿ ಮಲಗಿರತಾವ, ಕೆಂಪು, ಹಳದಿ, ನೀಲಿ. ಆ ಒಂದೊಂದಕ್ಕೂ ತನ್ನದೇ ತೆಳು ತೊಗಲು. ಅದು ಮೆತ್ತಗ. ಕರೆಂಟನ್ನು ತಾಮ್ರದೊಳಗ ಹಿಡಿದಿಡೂದು ಈ ಒಳಗಿನ ತೊಗಲು. ಹೊರಗಿನದು ನಮ್ಮ ಹೊಲದ ಬೇಲಿ ಇದ್ದಂಗ, ಒಳಗಿನದು ಮನಿ ಬಾಗಲ ಇದ್ದಂಗ. ಬೇಲಿ ತೆಗಿಯಾಕ ಹೋಗಿ ಬಾಗಲ ಒಡದ್ರ ಏನುಳಿತು?

ಬೇಲಿ ಯಾಕ ಅಷ್ಟು ಬಿರುಸು? ಅದರ ಮಾಲು ಪಿವಿಸಿ. ನಮ್ಮ ಹೊಲದಾಗ ಹುಗಿದ ಪೈಪೂ ಪಿವಿಸಿನೇ. ಮೂಲದಾಗ ಅದು ಕಟ್ಟಿಗಿಯಂಗ ಗಟ್ಟಿ. ಎಣ್ಣಿಯಂಥ ಒಂದು ಪದಾರ್ಥ ಬೆರಸಿ ಮೆತ್ತಗ ಮಾಡಿರತಾರ, ಅದಕ್ಕ ಕೇಬಲ್ ಬಾಗತೈತಿ. ಅಥಣಿ, ನಿಪ್ಪಾಣಿ ಕಡೆ ಚಪ್ಪಲಿ ಮಾಡೂವರಿಗೆ ಇದು ಹೇಳೂದ ಬ್ಯಾಡ. ಎಣ್ಣಿ ಕುಡಿದ ಚರ್ಮ ಮೆತ್ತಗಿರತೈತಿ, ಎಣ್ಣಿ ಹೋದದ್ದು ಸೆಟೆದು ಬಿರಿಯತೈತಿ. ಕೇಬಲ್ಲಿನ ಕಥಿನೂ ಅದೇ. ನಾಕಾರು ವರ್ಷ ದಂಡಿ ಮ್ಯಾಲ ಬಿಸಲಿಗೆ ಬಿದ್ದದ್ದರ ಎಣ್ಣಿ ಅಂಶ ಹೋಗಿ ಜಾಕೆಟ್ ಎಲುಬಿನಂಗ ಆಗತೈತಿ. ಥಂಡಿಯಾಗ ಇನ್ನೂ ಬಿರುಸು. ಅಗ್ಗದ ಕೇಬಲ್ಲಿನಾಗ ಹಳೇ ಪ್ಲಾಸ್ಟಿಕ್ ಕರಗಿಸಿ ಸುಣ್ಣದ ಪುಡಿ ಜಾಸ್ತಿ ಹಾಕಿದ್ರ ಹೊಸದಿದ್ದಾಗಲೇ ಬಿರುಸು. ಒಳ್ಳೆ ಕೇಬಲ್ಲಿನಾಗ ಎರಡು ತೊಗಲ ನಡುವ ಪೌಡರ್ ಉದುರಿಸಿರತಾರ, ಒಂದಕ್ಕೊಂದು ಅಂಟಬಾರದಂತ. ಅದು ಇಲ್ಲಂದ್ರ ಹೊರಗಿನದು ಎಳೆದಾಗ ಒಳಗಿನದೂ ಕಿತ್ತು ಬರತೈತಿ.

ಇನ್ನ ಸುಲಿಯೂ ಮಂದಿ ವಿಚಾರ. ನಮ್ಮ ಸಣ್ಣಾಗಿನ ಕಾಲದಾಗ ಮನಿ ವಾಯರಿಂಗ್ ಅಂದ್ರ ಗ್ವಾಡಿ ಮ್ಯಾಲ ಕಟ್ಟಿಗಿ ಪಟ್ಟಿ ಬಡಿದು, ಅದರ ಮ್ಯಾಲ ತಗಡಿನ ಕ್ಲಿಪ್ಪಿನಾಗ ವಾಯರ್ ಹಿಡಸೂದು. ಆ ವಾಯರಿಗೆ ಜಾಕೆಟ್ ಇರತಿತ್ತು. ಒಂದ ಮನಿ ಮುಗಿಯೂದರಾಗ ಆ ಕಾಲದ ಮಿಸ್ತ್ರಿ ನೂರಾರು ಸಲ ಜಾಕೆಟ್ ಸುಲಿತಿದ್ದ. ಕೈ ಪಳಗತಿತ್ತು. ಈಗ ಸ್ಲ್ಯಾಬಿನಾಗ ಪೈಪ್ ಹುಗಿದು ಅದರೊಳಗ ಬಿಡಿ ಬಿಡಿ ವಾಯರ್ ಎಳಿತಾರ. ಆ ವಾಯರಿಗೆ ಒಂದೇ ತೊಗಲು. ಪಕ್ಕಡದಾಗ ಕಚ್ಚಿ ಎಳೆದ್ರ ಮುಗಿತು. ಹೊಸ ಹುಡುಗರು ಕೆಲಸ ಕಲಿಯೂದು ಈ ಮನಿಗಳ ಮ್ಯಾಲ. ಅವರಿಗೆ ಎರಡ ತೊಗಲಿನ ಕೇಬಲ್ ಸಿಗೂದು ಹೊಲದಾಗ, ಹಿಟ್ಟಿನ ಗಿರಣ್ಯಾಗ, ಕಂಬದಿಂದ ಮೀಟರಿಗೆ ಬರೂ ಸರ್ವಿಸ್ ವಾಯರಿನಾಗ, ಅಷ್ಟ. ಒಂದ ತೊಗಲಿನ ರೂಢಿ ಕೈಯಾಗಿಟ್ಟುಕೊಂಡು ಎರಡ ತೊಗಲಿನ ಕೇಬಲ್ಲಿಗೆ ಕೈ ಹಚ್ಚತಾರ. ಹುಡುಗರು ಶ್ಯಾಣ್ಯಾರೇ ಅದಾರ, ಕೈಗೆ ಈ ಕೆಲಸದ ರೂಢಿ ಮಾತ್ರ ಬಿದ್ದಿಲ್ಲ.

ಹಿಂಗಾಗಿ ಏನೇನ ನೋಡ್ತೀವಿ ನಾವು? ಒಬ್ಬ ಹಲ್ಲಿನಾಗ ಕಚ್ಚಿ ಎಳಿತಾನ. ಪಿವಿಸಿ ಬಿಸಿಗೆ ಕೆಡಬಾರದಂತ ಸೀಸ ಬೆರಸೂ ರೂಢಿ ಭಾಳ ವರ್ಷ ಇತ್ತು, ಅದನ್ನ ಬಾಯಾಗ ಹಾಕೊಳ್ಳೂದು ಹಲ್ಲಿಗೂ ಛಲೋ ಅಲ್ಲ, ಹೊಟ್ಟಿಗೂ ಅಲ್ಲ. ಇನ್ನೊಬ್ಬ ಕಡ್ಡಿ ಗೀರಿ ಸುಡತಾನ. ಜಾಕೆಟ್ ಕರಗತೈತಿ ಖರೆ, ಅದರ ಕೂಡ ಒಳಗಿನ ತೊಗಲೂ ಕರಗಿ ತಾಮ್ರಕ್ಕ ಕರಿ ಹಿಡಿಯತೈತಿ. ಆ ಹೊಗಿಯಾಗ ಹೈಡ್ರೋಕ್ಲೋರಿಕ್ ಆಮ್ಲದ ಗ್ಯಾಸ್ ಇರತೈತಿ, ಎದಿ ಉರಿಯೂದು ಅದಕ್ಕ. ಮೂರನೆಯವ ಕುಡಗೋಲ ತಗೊಂಡು, ಕೇಬಲ್ ತೊಡಿ ಮ್ಯಾಲಿಟ್ಟು, ಜೋಳದ ದಂಟು ಕೊಯ್ದಂಗ ಕೊಯ್ತಾನ. ಜಾರಿದ್ರ ತೊಡಿ, ಜಾರಲಿಲ್ಲಂದ್ರ ಒಳಗಿನ ವಾಯರ್.

ಲೆಕ್ಕ ಹಾಕಿ ನೋಡ್ರಿ. 2.5 ಚದರ ಮಿಲಿಮೀಟರ್ ವಾಯರಿನಾಗ 0.3 ಮಿಲಿಮೀಟರ್ ದಪ್ಪದ 36 ಎಳಿ ಇರತಾವ. 4ರದ್ದರಾಗ 56. ಸುಲಿಯೂವಾಗ 36ರಾಗ 6 ಎಳಿ ತುಂಡಾದ್ರ ಆರರಾಗ ಒಂದು ಪಾಲು ತಾಮ್ರ ಆ ಜಾಗಾದಾಗ ಇಲ್ಲ. ಮೋಟಾರ ಎಳಿಯೂ ಕರೆಂಟ್ ಮಾತ್ರ ಕಡಿಮಿ ಆಗೂದಿಲ್ಲ. ಆ ಜಾಗಾ ಕಾಯತೈತಿ, ಕಾದದ್ದು ಸಡಿಲ ಆಗತೈತಿ, ಸಡಿಲಾದದ್ದು ಇನ್ನೂ ಕಾಯತೈತಿ. ಒಂದ ದಿನ ಒಂದು ಫೇಸ್ ಹೋಗತೈತಿ, ಮೋಟಾರ ಗುಂಯ್‌ಗುಡತೈತಿ, ವೈಂಡಿಂಗ್ ಹೋತು. ನಾವು ಮೋಟಾರ ಕಂಪನಿಗೆ ಬೈತೀವಿ.

ಎಳಿ ತುಂಡಾಗೂದು ಕಣ್ಣಿಗೆ ಕಾಣೂ ತಪ್ಪು. ಕಾಣಲಾರದ್ದು ಇನ್ನೊಂದೈತಿ, ಒಳಗಿನ ತೊಗಲಿಗೆ ಬೀಳೂ ಗೀರು. ಇದರಾಗ ನಮ್ಮ ಮನಿ ಎಮ್ಮಿ ಹೋತು. ಎರಡನೇ ಈತಿಂದು, ಹಾಲು ಕೊಡೂ ಎಮ್ಮಿ. ಕಾಲವಿ ದಂಡಿ ಹುಲ್ಲಿನಾಗ ಒಂದು ಕೇಬಲ್ ಹಾದಿತ್ತು, ಅದಕ್ಕೊಂದು ಜಾಯಿಂಟ್ ಇತ್ತು. ಹಿಂದಿನ ದಿನ ಮಳಿ ಆಗಿತ್ತು. ಎಮ್ಮಿ ಮುಂಗಾಲು ಇಟ್ಟು ನಿಂತಿತು, ನಡುಗಿತು, ಅಲ್ಲೇ ಕುಸೀತು. ಅದರ ಹಿಂದ ಹತ್ತು ಹೆಜ್ಜಿ ದೂರದಾಗ ನಮ್ಮ ಮನಿಯಾಕಿ ಮೇವಿನ ಹೊರಿ ತಲಿ ಮ್ಯಾಲಿಟ್ಟುಕೊಂಡು ಬರಿಗಾಲಿನಾಗ ಬರಾಕತ್ತಿದ್ಲು. ಎಮ್ಮಿ ಬಿದ್ದದ್ದು ನೋಡಿ ನಿಂತ್ಲು. ಅಕಿ ನಿಂತ ಜಾಗಾಕ್ಕೂ ಆ ಹಸಿ ಹುಲ್ಲಿಗೂ ಎಷ್ಟ ಅಂತರ ಇತ್ತು ಅನ್ನೂದು ನಾ ಇನ್ನೂ ಆ ಹಾದಿಯಾಗ ಹೋಗೂವಾಗ ಅಳೀತೀನಿ.

ದನಕ್ಕ ನಮಗಿಂತ ಲಗೂ ಯಾಕ ಹೊಡಿತೈತಿ ಅಂದ್ರ ಅದರ ಮುಂಗಾಲು ಹಿಂಗಾಲು ನಡುವ ಅಂತರ ಜಾಸ್ತಿ. ಹಸಿ ನೆಲದಾಗ ಕರೆಂಟ್ ಹರಡಿದಾಗ ಒಂದ ಕಾಲಿಗೆ ಒಂದು ವೋಲ್ಟ್, ಇನ್ನೊಂದ ಕಾಲಿಗೆ ಬ್ಯಾರೆ ವೋಲ್ಟ್ ಇರತೈತಿ. ಅಂತರ ಹೆಚ್ಚಾದಷ್ಟು ಈ ಫರಕ ಹೆಚ್ಚು. ಆ ಕರೆಂಟ್ ಹಾಯೂದು ಎದಿ ಮ್ಯಾಲ.

ಜಾಯಿಂಟ್ ಬಿಚ್ಚಿ ನೋಡಿದವರು ನಮ್ಮೂರ ವೈಂಡಿಂಗ್ ಕಾಕಾ. ಮೋಟಾರ ರಿವೈಂಡಿಂಗ್ ಮಾಡಿಕೊಂತ ಎಪ್ಪತ್ತು ವರ್ಷ ದಾಟಿದವರು, ಊರಿಗೆಲ್ಲಾ ಕಾಕಾನ. ನಾವೆಲ್ಲಾ ಟೇಪ್ ಸರಿ ಸುತ್ತಿಲ್ಲ ಅಂತ ತಿಳಿದಿದ್ವಿ. ಕಾಕಾ ಟೇಪ್ ಬಿಚ್ಚಿದ್ರು. ಟೇಪ್ ಛಲೋ ಇತ್ತು. ತಾಮ್ರದ ಹೊಸಿಗಿ ಛಲೋ ಇತ್ತು. ಟೇಪ್ ಮುಗಿದಲ್ಲಿಂದ ಅರ್ಧ ಇಂಚ್ ಕೆಳಗ, ಜಾಕೆಟ್ ಕೊಯ್ದ ಅಂಚಿನಾಗ, ಹಳದಿ ವಾಯರ್ ಬಾಗಿಸಿ ತೋರಿಸಿದ್ರು. ಸಣ್ಣದೊಂದು ಬಾಯಿ ತೆರಿತು. ಒಳಗ ತಾಮ್ರ ಮಿಂಚಿತು. ಬ್ಲೇಡಿನ ಗೀರು, ಕೂದಲೆಳಿಯಷ್ಟು. ಬಿಸಿಲಿರೂತನಕ ಅದು ಸುಮ್ಮನಿತ್ತು. ಮಳಿ ನೀರು ಹೊಕ್ಕ ದಿನ ಸುಮಾರು 230 ವೋಲ್ಟ್ ಹೊರಗ ಬಂತು. ಆ ಜಾಯಿಂಟ್ ಮಾಡಿದವ ಯಾರು ಅನ್ನೂದು ಇಲ್ಲಿ ಬ್ಯಾಡ. ರಾತ್ರಿ ಪಾಳಿ ಕರೆಂಟಿನಾಗ, ಮೊಬೈಲ್ ಬ್ಯಾಟರಿ ಬೆಳಕಿನಾಗ ಮಾಡಿದ ಜಾಯಿಂಟ್ ಅದು, ಅಷ್ಟ ಹೇಳ್ತೀನಿ.

ನನ್ನ ತಮ್ಮನ ಮಗ ಆಗ ಐಟಿಐ ಇಲೆಕ್ಟ್ರಿಷಿಯನ್ ಮುಗಿಸಿ, ನಿಪ್ಪಾಣಿಯಾಗ ಮನಿ ವಾಯರಿಂಗ್ ಕೆಲಸ ಮಾಡಿ ಊರಿಗೆ ಬಂದಿದ್ದ. ಮೋಟಾರ ಕೆಲಸ ಹಿಡಿತೀನಿ ಅಂದ. ಅವನನ್ನ ಕಾಕಾ ಕಡೆ ಕರಕೊಂಡು ಹೋದೆ. ಕಾಕಾ ಅವನ ಸರ್ಟಿಫಿಕೇಟ್ ನೋಡಲಿಲ್ಲ. ಹಳೇ ಕೇಬಲ್ ತುಂಡುಗಳ ಒಂದು ಚೀಲ ಮುಂದ ಸುರಿದ್ರು. "ತಮ್ಮಾ, ಇವಿಷ್ಟು ಸುಲಿ. ಸುಲಿದದ್ದು ಬಾಗಿಸಿ ತೋರಸು" ಅಂದ್ರು. ಮೊದಲ ದಿನ ಅರ್ಧಕ್ಕಿಂತ ಹೆಚ್ಚು ತುಂಡಿಗೆ ಬಾಯಿ ತೆರಿತು. ಹುಡುಗ ಮುಖ ಸಣ್ಣದು ಮಾಡಿಕೊಂಡ. "ದೊಡ್ಡಪ್ಪಾ, ಇದೆಲ್ಲಾ ಟೇಪ್ ಒಳಗ ಹೋಗತೈತಲ್ಲ, ಯಾರ ನೋಡ್ತಾರ?" ಅಂದ. ಕಾಕಾನೇ ಉತ್ತರ ಕೊಟ್ರು. "ನೀರ ನೋಡತೈತಿ."

ಒಂದು ವಾರ ಆತು. ಅವನು ಕಲಿಯೂವಾಗ ಬಾಜೂ ಕೂತು ನೋಡಿದ್ದನ್ನ ನಿಮಗೂ ಬರೀತೀನಿ. ನಮಗ ಮಾಡಾಕ ಬರಬೇಕಂತಿಲ್ಲ, ಮಾಡೂವರು ಸರಿ ಮಾಡಾಕತ್ತಾರೋ ಇಲ್ಲೋ ತಿಳಿಬೇಕು.

ಮೊದಲ ಕರೆಂಟ್. ಸ್ಟಾರ್ಟರ್ ಬಂದ್ ಮಾಡಿದ್ರ ಸಾಲದು, ಮೂರೂ ಫ್ಯೂಜ್ ಕಿತ್ತು ಕಿಸೆದಾಗ ಇಟ್ಟುಕೊಬೇಕು. ಫ್ಯೂಜ್ ಕಿಸೆದಾಗ ಇದ್ರ ಇನ್ನೊಬ್ಬ ಬಂದು ಚಾಲೂ ಮಾಡಾಕ ಬರೂದಿಲ್ಲ. ಆಮ್ಯಾಲ ಟೆಸ್ಟರ್ ಹಚ್ಚಿ ನೋಡಬೇಕು.

ಆಮ್ಯಾಲ ಬಿಸಲು. ಬಿರುಸು ಕೇಬಲ್ ಹತ್ತು ನಿಮಿಷ ಬಿಸಲಿಗೆ ಇಡಬೇಕು. ಮೋಡ ಇದ್ರ ಬಿಸಿ ನೀರಿನ ಬಾಟಲಿ ಒತ್ತಿ ಹಿಡಿಬೇಕು. ಕಾದ ಪಿವಿಸಿ ಮೆತ್ತಗಾಗತೈತಿ, ಚಾಕು ಬಲ ಕೇಳೂದಿಲ್ಲ. ಬಲ ಹಾಕಿದಲ್ಲೇ ಕೈ ಜಾರೂದು.

ಮೂರನೇದು ಕೊಯ್ಯೂ ರೀತಿ. ಕೇಬಲ್ ಹಲಗಿ ಮ್ಯಾಲ ಇರಬೇಕು, ತೊಡಿ ಮ್ಯಾಲ ಬ್ಯಾಡ. ಸುತ್ತಲೂ ಒಂದ ಗೆರಿ ಎಳಿಬೇಕು, ಜಾಕೆಟ್ಟಿನ ದಪ್ಪದ ಅರ್ಧದಷ್ಟು ಮಾತ್ರ. ಪೂರ್ತಿ ಕೊಯ್ಯಬಾರದು. ಆಮ್ಯಾಲ ಅದೇ ಗೆರಿ ಮ್ಯಾಲ ಆ ಕಡೆ ಈ ಕಡೆ ಬಾಗಿಸಿದ್ರ ಜಾಕೆಟ್ ತಾನ ಬಿರಿಯತೈತಿ. ಉಳಿದ ಅರ್ಧ ಕೊಯ್ಯೂದು ಚಾಕು ಅಲ್ಲ, ಬಾಗು. ಉದ್ದಕ್ಕ ಸೀಳೂವಾಗ ವಾಯರಿನ ನೆತ್ತಿ ಮ್ಯಾಲ ಚಾಕು ಹೋಗಬಾರದು, ಎರಡು ವಾಯರ್ ನಡುವಿನ ತಗ್ಗಿನಾಗ ಹೋಗಬೇಕು, ಹಗುರಾಗಿ ಎರಡ-ಮೂರು ಸಲ, ಮೈಯಿಂದ ಆ ಕಡೆ. ತುದಿ ಬಾಯಿ ಬಿಟ್ಟ ಮ್ಯಾಲ ಪಕ್ಕಡದಾಗ ಹಿಡಿದು ಗ್ವಾಂಜಾಳದ ತೆನಿ ಸುಲಿದಂಗ ಹಿಂದಕ್ಕ ಎಳಿಯೂದು.

ಅಥಣಿ ಕಡೆ ದ್ರಾಕ್ಷಿ ಬೆಳಿಯೂವರಿಗೆ ಈ ಕೈ ಮೊದಲೇ ಗೊತ್ತೈತಿ. ಕಾಳು ದಪ್ಪ ಆಗಲಿ ಅಂತ ಗರ್ಡ್ಲಿಂಗ್ ಮಾಡ್ತಾರಲ್ಲ, ತೊಗಟಿಯ ಸಣ್ಣ ಉಂಗುರ ತೆಗಿಯೂದು. ಎಲಿ ಮಾಡಿದ ಸಕ್ಕರಿ ಬೇರಿಗೆ ಇಳಿಯೂ ದಾರಿ ಸ್ವಲ್ಪ ದಿನ ಬಂದ್ ಆಗಿ ಗೊನಿಗೆ ಹೋಗತೈತಿ. ಅಲ್ಲಿ ಬ್ಲೇಡ್ ತೊಗಟಿ ದಾಟಿ ಕಟ್ಟಿಗಿಗೆ ಮುಟ್ಟಿತಂದ್ರ ಬಳ್ಳಿಗೇ ಪೆಟ್ಟು. ಛಲೋ ಕೈ ತೊಗಟಿ ಮುಗಿದಲ್ಲಿ ತಾನ ನಿಲ್ಲತೈತಿ. ಕಾಕಾ ಕಲಿಸಿದ್ದೂ ಇದನ್ನೇ.

ನಾಕನೇದು ಬಾಗಿಸಿ ನೋಡೂದು. ಜಾಕೆಟ್ ತೆಗೆದ ಕೂಡಲೇ ಮೂರೂ ವಾಯರ್ ಅರಿವಿಲೆ ಒರಸಿ, ಜಾಕೆಟ್ಟಿನ ಅಂಚಿನ ಹತ್ರ ಒಂದೊಂದನ್ನೇ ಬಾಗಿಸಿ ಸುತ್ತಲೂ ನೋಡಬೇಕು. ಗೀರಿದ್ರ ಬಾಯಿ ತೆರಿಯತೈತಿ. ತೆರಿತಂದ್ರ ಅಷ್ಟು ತುಂಡು ಕೊಯ್ದು ಒಗೆದು ಮತ್ತ ಸುರು ಮಾಡಬೇಕು. ಒಂದ ಗೇಣು ಕೇಬಲ್ ಹೋಗತೈತಿ, ಹೋಗಲಿ.

ಆಮ್ಯಾಲಿನದು ಜಾಯಿಂಟ್. ಮೂರೂ ಜಾಯಿಂಟ್ ಒಂದೇ ಕಡೆ ಬರಬಾರದು, ಏರು-ಇಳಿ ಇರಬೇಕು. ಮೊದಲ ರಬ್ಬರ್ ಟೇಪ್ ಜಗ್ಗಿ ಸುತ್ತಬೇಕು, ಮ್ಯಾಲ ಪಿವಿಸಿ ಟೇಪ್. ಟೇಪ್ ಎರಡೂ ಕಡೆ ಜಾಕೆಟ್ ಮ್ಯಾಲ ಒಂದೆರಡು ಇಂಚ್ ಹತ್ತಬೇಕು. ಜಾಕೆಟ್ಟಿನ ಅಂಚು ಹೊರಗ ಉಳಿದ್ರ ಅಲ್ಲೇ ನೀರಿನ ಬಾಗಲ. ಕಡೀಕ ಜಾಯಿಂಟ್ ಬಕೀಟ್ ನೀರಿನಾಗ ಮುಳುಗಿಸಿ, ವಾಯರಿನ ತುದಿ ನೀರಿನ ಹೊರಗ ಬಿಡಿಯಾಗಿ ಇಟ್ಟು, ಒಂದೊಂದು ವಾಯರಿಗೂ ನೀರಿಗೂ ನಡುವ ಮೆಗ್ಗರ್ ಹಚ್ಚಿ ನೋಡಬೇಕು. ಮೆಗ್ಗರ್ ಕಾಕಾ ಕಡೆ ಒಂದೇ ಐತಿ, ಆದರ ಕೇಳಿದವರಿಗೆ ಇಲ್ಲ ಅಂದದ್ದು ನಾ ನೋಡಿಲ್ಲ.

ಬ್ಯಾರೆ ದೇಶದಾಗ ಮನಿ ವಾಯರಿಗೇ ಜಾಕೆಟ್ ಇರತೈತಂತ, ಹುಡುಗ ಮೊಬೈಲಿನಾಗ ತೋರಿಸಿದ. ಇಂಗ್ಲೆಂಡಿನ ಬೂದಿ ಬಣ್ಣದ ಚಪ್ಪಟಿ ಕೇಬಲ್ಲಿನಾಗ ನಡುವ ಬರಿ ತಾಮ್ರದ ಅರ್ಥಿಂಗ್ ವಾಯರ್ ಇರತೈತಿ. ಅಲ್ಲಿಯ ಮಿಸ್ತ್ರಿಗಳು ಅದನ್ನ ಪಕ್ಕಡದಾಗ ಹಿಡಿದು ಹಿಂದಕ್ಕ ಎಳೆದು ಅದರಿಂದಲೇ ಜಾಕೆಟ್ ಸೀಳತಾರ, ಚಾಕೂನೇ ಬ್ಯಾಡ. ನಮ್ಮ ಮೋಟಾರ ಕೇಬಲ್ಲಿನಾಗ ಅಂಥಾ ಬರಿ ವಾಯರ್ ಇಲ್ಲ. ಆದರ ಆಳ ಹೊಂದಿಸಿ ಸುತ್ತ ತಿರುಗಸೂ ಚಾಕು ಇಲ್ಲೂ ಸಿಗತೈತಿ. ಎಷ್ಟು ಆಳ ಬೇಕೋ ಅಷ್ಟಕ್ಕ ಸ್ಕ್ರೂ ತಿರುವಿ ಇಟ್ರ ಬ್ಲೇಡ್ ಅದಕ್ಕಿಂತ ಒಳಗ ಹೋಗೂದಿಲ್ಲ. ಗುಂಡು ಕೇಬಲ್ಲಿಗೆ ಭಾಳ ಛಲೋ, ಚಪ್ಪಟಿಗೆ ಅಷ್ಟಕ್ಕಷ್ಟ. ಚಪ್ಪಟಿಗೆ ಕೈನೇ ಬೇಕು.

ಮನಿ ಸರ್ವಿಸ್ ವಾಯರ್ ಬಗ್ಗೆ ಒಂದ ಮಾತು. ಅದು ಅಲ್ಯುಮಿನಿಯಂ. ತಾಮ್ರದ ಎಳಿಗೆ ಗೀರು ಬಿದ್ರ ಸ್ವಲ್ಪ ತಾಳತೈತಿ, ಅಲ್ಯುಮಿನಿಯಂಗೆ ಗೀರು ಬಿದ್ದಲ್ಲಿ ಎರಡ-ಮೂರು ಸಲ ಬಾಗಿದ್ರ ಪಟ್ ಅಂತ ಮುರಿಯತೈತಿ. ಮತ್ತ ಅದು ಕಂಬದಿಂದ ನೇರ ಬರೂದು, ನಮ್ಮ ಮೇನ್ ಸ್ವಿಚ್ ಬಂದ್ ಮಾಡಿದ್ರೂ ಅದರಾಗ ಕರೆಂಟ್ ಇರತೈತಿ. ಅದನ್ನ ಲೈನ್‌ಮನ್ ಬಿಟ್ಟು ಯಾರೂ ಮುಟ್ಟಬ್ಯಾಡ್ರಿ.

ಈಗ ನಾ ಹೇಳಬೇಕಂತ ಕುಂತ ಮಾತಿಗೆ ಬರ್ತೀನಿ. ಮ್ಯಾಲ ಬರೆದದ್ದೆಲ್ಲಾ ಮಾಡಾಕ ಎಷ್ಟು ಹೊತ್ತು ಬೇಕು? ಹುಡುಗನ ಕೈಯಾಗ ಗಡಿಯಾರ ನೋಡೀನಿ, ಸುಮಾರು ಮುಕ್ಕಾಲು ತಾಸು. ಹಲ್ಲಿನಾಗ ಕಚ್ಚಿ ಟೇಪ್ ಸುತ್ತಿದ್ರ ಹತ್ತು ನಿಮಿಷ. ನಡುವಿನ ಅರ್ಧ ತಾಸು ಯಾರು ತಿಂತಾರ? ನಾವು. ಹೊಲಕ್ಕ ತ್ರೀ ಫೇಸ್ ದಿನಕ್ಕ ಏಳು ತಾಸು, ಅದೂ ಒಂದ ಪಾಳಿ ಹಗಲು ಒಂದ ಪಾಳಿ ರಾತ್ರಿ. ಕಬ್ಬು ಒಣಗಾಕತ್ತಿರತೈತಿ. ಮಿಸ್ತ್ರಿ ತಲಿ ಮ್ಯಾಲ ನಿಂತು "ಲಗೂ ಮಾಡಪಾ, ಕರೆಂಟ್ ಹೋಗತೈತಿ" ಅಂತ ನೂರಾಎಂಟು ಸಲ ಅಂತೀವಿ. ಬಾಜೂ ಹೊಲದವನೂ ಫೋನ್ ಮಾಡಿ ಕರಿತಿರತಾನ. ರೊಕ್ಕ ಕೊಡೂದು ಜಾಯಿಂಟಿಗೆ ಇಷ್ಟಂತ. ಲಗೂ ಮುಗಿಸಿದವನಿಗೆ ನಾಕು ಜಾಯಿಂಟ್, ಬಾಗಿಸಿ ನೋಡಿದವನಿಗೆ ಎರಡು. ಹಿಂಗಿದ್ದ ಮ್ಯಾಲ ಯಾವ ಹುಡುಗ ಬಾಗಿಸಿ ನೋಡ್ತಾನ?

ನಮ್ಮ ದಂಡಿಯ ಆರು ಮಂದಿ ಹೋದ ವರ್ಷ ಮಾತಾಡಿ ಒಂದು ಮಾಡೀವಿ. ಜಾಯಿಂಟಿನ ಲೆಕ್ಕ ಬಿಟ್ಟು ಅರ್ಧ ದಿನದ ಪಗಾರ ಕೊಡೂದು. ಕೆಲಸ ಹಗಲ ಹೊತ್ತಿನಾಗ, ಕರೆಂಟ್ ಇಲ್ಲದ ಪಾಳಿಯಾಗ ಮಾಡಸೂದು, ಆವಾಗ ಗಡಬಡಿನೂ ಇಲ್ಲ, ಭಯನೂ ಕಡಿಮಿ. ಆದರೂ ಫ್ಯೂಜ್ ಕೀಳೂದು ಬಿಡೂ ಹಂಗಿಲ್ಲ. ರಬ್ಬರ್ ಟೇಪ್, ಹಲಗಿ, ಒಂದು ಛಲೋ ಚಾಕು ನಾವೇ ಒಂದ ಡಬ್ಬಿಯಾಗ ಇಟ್ಟೀವಿ. ಮತ್ತ ಟೇಪ್ ಸುತ್ತೂ ಮೊದಲ ಮಾಲಕ ಬಂದು ವಾಯರ್ ಬಾಗಿಸಿ ನೋಡಬೇಕು, ಇದು ಕಡ್ಡಾಯ. ಮಿಸ್ತ್ರಿ ಮ್ಯಾಲ ಸಂಶೆ ಅಂತ ತಿಳಿಬಾರದು. ಎರಡನೇ ಕಣ್ಣು ಅಷ್ಟ. ನಮ್ಮ ಹುಡುಗ ಈಗ ತಾನೇ ಕರಿತಾನ, "ಬರ್ರಿ, ನೋಡ್ರಿ, ಆಮ್ಯಾಲ ಟೇಪ್ ಹಾಕ್ತೀನಿ" ಅಂತ.

ಹೊಳಿ ಏರಾಕ ಇನ್ನ ಸ್ವಲ್ಪ ದಿನ ಅದಾವ. ನಿಮ್ಮ ದಂಡಿ ಮ್ಯಾಲ, ಕಾಲವಿ ಬಾಜೂಕ, ಹೆಣ್ಮಕ್ಕಳು ಅರಿವಿ ಒಗೆಯೂ ಕಡೆ, ದನ ನೀರು ಕುಡಿಯೂ ಕಡೆ ಹಾದ ಕೇಬಲ್ ಒಮ್ಮೆ ಫ್ಯೂಜ್ ಕಿತ್ತು ನೋಡಿ ಬರ್ರಿ. ಹಳೇ ಜಾಯಿಂಟ್ ನೆಲಕ್ಕ ಬಿದ್ದಿದ್ರ ಗೂಟಾ ಹುಗಿದು ಮ್ಯಾಲ ಎತ್ತಿ ಕಟ್ಟರಿ. ಜಾಕೆಟ್ಟಿನ ಅಂಚು ಟೇಪಿನ ಹೊರಗ ಕಂಡ್ರ ಬಿಚ್ಚಿಸಿ ಮತ್ತ ಮಾಡಸ್ರಿ. ನಿಮ್ಮೂರಾಗ ಬಿರುಸು ಕೇಬಲ್ ಸುಲಿಯೂ ಬ್ಯಾರೆ ಛಲೋ ರೀತಿ ಇದ್ರ ಕೆಳಗ ಬರೀರಿ, ನಮ್ಮ ಹುಡುಗರೂ ಕಲೀಲಿ.